ಬಂಡೆಯ ಮೇಲಿನ ಬೇಸಾಯ

ತುಮಕೂರಿನ ಮಂಡಿಪೇಟೆಯ ಯಾವುದೇ ದಿನಸಿ ಅಂಗಡಿಯಲ್ಲಿ ‘ಪಲಾವ್ ಸಾಮಾನು ಕೊಡಿ’ ಎಂದರೆ ಸಾಕು, ಚಕ್ಕೆ, ಲವಂಗ, ಏಲಕ್ಕಿ, ಮರಾಠಿ ಮೊಗ್ಗು, ಪಲಾವ್ ಎಲೆ ಒಂದೊಂದಾಗಿ ಪೊಟ್ಟಣಕ್ಕೆ ಬೀಳುತ್ತವೆ. ಕೊನೆಗೆ ಬೂದಿ ಬಣ್ಣದ, ಸುಕ್ಕುಗಟ್ಟಿದ, ತೂಕವೇ ಇಲ್ಲದ ಒಂದಿಷ್ಟು ಚೂರುಗಳು. ಅದು ಕಲ್ಲುಹೂ. ಚಕ್ಕೆ ಮರದ ತೊಗಟೆ, ಲವಂಗ ಮೊಗ್ಗು, ಏಲಕ್ಕಿ ಕಾಯಿ ಎಂದು ಹೇಳಿಬಿಡಬಹುದು. ಕಲ್ಲುಹೂವಿನ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ. ಅದು ಹೂವಲ್ಲ, ಎಲೆಯಲ್ಲ, ಬೇರಲ್ಲ. ಅಸಲಿಗೆ ಅದು ಗಿಡವೇ ಅಲ್ಲ.

ಒಂದು ಚೂರನ್ನು ಅಂಗೈ ಮೇಲಿಟ್ಟುಕೊಂಡು ನೋಡಬೇಕು. ಮೇಲ್ಮೈ ಬೂದು, ಅಡಿಭಾಗ ಇದ್ದಿಲಿನಷ್ಟು ಕಪ್ಪು, ಅಂಚಿನ ಹತ್ತಿರ ಕಂದು. ನೀರು ಚಿಮುಕಿಸಿ ಮೆತ್ತಗಾದ ಮೇಲೆ ಉಗುರಿನಿಂದ ಸೀಳಿದರೆ ನಡುವೆ ಹತ್ತಿಯಂಥ ಬಿಳಿ ಪದರ ಕಾಣುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದರೆ, ಮೇಲಿನ ಬೂದಿಗೂ ಒಳಗಿನ ಬಿಳಿಗೂ ನಡುವೆ ಕೂದಲೆಳೆಯಷ್ಟು ತೆಳುವಾದ ಒಂದು ಹಸಿರು ಗೆರೆ. ಆ ಗೆರೆಯೇ ಈ ಜೀವಿಯ ಹೊಲ. ಉಳಿದದ್ದೆಲ್ಲ ಹೊಲದ ಸುತ್ತ ಕಟ್ಟಿಕೊಂಡ ಮನೆ.

ಹೊಲ ಪಾಚಿಯದು, ಮನೆ ಶಿಲೀಂಧ್ರದ್ದು. ಇಂಥ ಕೂಡುಜೀವಿಗೆ ಲೈಕೆನ್ ಎಂದು ಹೆಸರು. ಅಣಬೆ, ಬೂಷ್ಟುಗಳ ಬಳಗಕ್ಕೆ ಸೇರಿದ ಶಿಲೀಂಧ್ರಕ್ಕೆ ಸ್ವಂತವಾಗಿ ಅನ್ನ ಮಾಡಿಕೊಳ್ಳಲು ಬರುವುದಿಲ್ಲ. ಬಿಸಿಲಿನಿಂದ ಸಕ್ಕರೆ ತಯಾರಿಸುವ ವಿದ್ಯೆ ಪಾಚಿಗೆ ಗೊತ್ತು. ಆದರೆ ಬೋಳು ಬಂಡೆಯ ಮೇಲೆ ಒಂಟಿಯಾಗಿ ಬಿದ್ದರೆ ಅದು ಬಿಸಿಲಿಗೆ ಒಣಗಿ ಸಾಯುತ್ತದೆ. ಶಿಲೀಂಧ್ರ ತನ್ನ ಎಳೆಗಳನ್ನು ಹೆಣೆದು ಸೂರು ಕಟ್ಟಿ, ನೀರು ಹಿಡಿದು ಕೊಡುತ್ತದೆ. ಪಾಚಿ ಅದರೊಳಗೆ ಕುಳಿತು ದುಡಿದು, ಗಳಿಸಿದ್ದರಲ್ಲಿ ದೊಡ್ಡ ಪಾಲನ್ನು ಮನೆಯೊಡೆಯನಿಗೆ ಒಪ್ಪಿಸುತ್ತದೆ. ಭೂಮಿ ಒಬ್ಬರದು, ದುಡಿಮೆ ಇನ್ನೊಬ್ಬರದು ಎನ್ನುವ ವಾರದ ಬೇಸಾಯವನ್ನು ಬಲ್ಲ ನಾಡಿಗೆ ಈ ಏರ್ಪಾಡು ಹೊಸದೆನಿಸಲಾರದು.

ವಿಜ್ಞಾನಕ್ಕೆ ಮಾತ್ರ ಇದು ಬಹುಕಾಲ ಗೊತ್ತಿರಲಿಲ್ಲ. 1867ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರ್, ಲೈಕೆನ್ ಎಂಬುದು ಒಂದು ಜೀವಿಯಲ್ಲ, ಶಿಲೀಂಧ್ರ ಮತ್ತು ಪಾಚಿಗಳ ಜೋಡಿ ಎಂದು ಹೇಳಿದಾಗ ಆ ಕಾಲದ ದೊಡ್ಡ ದೊಡ್ಡ ತಜ್ಞರೇ ಅದನ್ನು ಒಪ್ಪಲಿಲ್ಲ. ಲೈಕೆನ್ ಅಧ್ಯಯನದಲ್ಲಿ ಯುರೋಪಿಗೇ ಹೆಸರಾಗಿದ್ದ ವಿಲಿಯಂ ನೈಲಾಂಡರ್ ಕೊನೆಯವರೆಗೂ ವಿರೋಧಿಸಿದರು. ಆದರೆ ಪುರಾವೆಗಳು ಒಂದರ ಮೇಲೊಂದು ಬಂದವು. 1879ರಲ್ಲಿ ಜರ್ಮನಿಯ ಆಂಟನ್ ಡಿ ಬೇರಿ, ಬೇರೆ ಬೇರೆ ಜಾತಿಯ ಜೀವಿಗಳು ಕೂಡಿ ಬಾಳುವುದಕ್ಕೆ ‘ಸಿಂಬಯಾಸಿಸ್’ ಎಂಬ ಹೆಸರನ್ನು ನೆಲೆಗೊಳಿಸಿದರು. ಇವತ್ತು ಶಾಲೆಯ ಪುಸ್ತಕಗಳಲ್ಲಿ ಮಕ್ಕಳು ‘ಸಹಜೀವನ’ ಎಂದು ಓದುವ ಪರಿಕಲ್ಪನೆ ಗಟ್ಟಿಯಾದದ್ದು ಕಲ್ಲುಹೂವಿನಂಥ ಜೀವಿಗಳಿಂದಲೇ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ, ಅನೇಕ ಲೈಕೆನ್‌ಗಳ ಹೊರಪದರದಲ್ಲಿ ಯೀಸ್ಟ್ ರೂಪದ ಇನ್ನೊಂದು ಶಿಲೀಂಧ್ರವೂ ಇದೆ ಎಂದು ತೋರಿಸಿತು. ಜೊತೆಗೆ ಬ್ಯಾಕ್ಟೀರಿಯಾಗಳ ಸಮೂಹವೂ ಇರುತ್ತದೆ. ಹಾಗಾಗಿ ಪಲಾವಿನ ಪೊಟ್ಟಣದ ಆ ಚೂರು ಇಬ್ಬರ ಸಂಸಾರವಲ್ಲ, ಒಂದು ಪುಟ್ಟ ಊರು.

ದುರ್ಗದ ಬಂಡೆಯಲ್ಲಿ

ತುಮಕೂರು ನಗರದ ಪೂರ್ವಕ್ಕಿರುವ ದೇವರಾಯನದುರ್ಗ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಭೋಗನರಸಿಂಹ, ಯೋಗನರಸಿಂಹರ ದರ್ಶನಕ್ಕೆ ಮೆಟ್ಟಿಲು ಹತ್ತುವ ಭಕ್ತರು ಕೈಯೂರಿ ದಣಿವಾರಿಸಿಕೊಳ್ಳುವ ಬಂಡೆಗಳನ್ನು ಒಂದು ನಿಮಿಷ ಹತ್ತಿರದಿಂದ ನೋಡಿದರೆ, ಕಲ್ಲಿನ ಬಣ್ಣವೇ ಕಾಣದಷ್ಟು ಚಿತ್ತಾರ. ಬೂದು, ಹಳದಿ ಬೆರೆತ ಹಸಿರು, ಕಿತ್ತಳೆ, ಮಸಿಗಪ್ಪು. ಅಲ್ಲಲ್ಲಿ ಕಲ್ಲಿಗೇ ಅಂಟಿದ ಹೊಪ್ಪಳೆಯಂತೆ, ಅಲ್ಲಲ್ಲಿ ಸುಕ್ಕುಗಟ್ಟಿದ ಎಲೆಯಂತೆ.

ಲೈಕೆನ್‌ಗಳನ್ನು ಅವುಗಳ ಆಕಾರದ ಮೇಲೆ ಮುಖ್ಯವಾಗಿ ಮೂರು ಬಗೆಯಾಗಿ ಗುರುತಿಸುತ್ತಾರೆ. ಕಲ್ಲಿಗೋ ತೊಗಟೆಗೋ ಬಣ್ಣ ಬಳಿದಂತೆ ಅಂಟಿಕೊಳ್ಳುವುದು ಹೊಪ್ಪಳೆ ಬಗೆ. ಅದನ್ನು ಕಲ್ಲಿನ ಸಮೇತ ಕೆತ್ತದ ಹೊರತು ಬಿಡಿಸಲಾಗದು. ಅಂಚು ಮೇಲೆದ್ದು ಎಲೆಯಂತೆ ಹರಡುವುದು ಎಲೆ ಬಗೆ. ಅಡುಗೆಯ ಕಲ್ಲುಹೂ ಈ ಗುಂಪಿನದು. ಟಿಸಿಲೊಡೆದು ಪೊದೆಯಂತೆ ನಿಲ್ಲುವುದು, ಗಡ್ಡದಂತೆ ಇಳಿಬೀಳುವುದು ಪೊದೆ ಬಗೆ. ಇದನ್ನು ಹೇರಳವಾಗಿ ಕಾಣಬೇಕಾದರೆ ಮಲೆನಾಡಿನ ಮಂಜಿನ ಕಾಡಿಗೇ ಹೋಗಬೇಕು. ಜಗತ್ತಿನಲ್ಲಿ ಸುಮಾರು 20,000 ಜಾತಿಯ ಲೈಕೆನ್‌ಗಳಿವೆ. ಭಾರತದಲ್ಲಿ ಗುರುತಿಸಿದವೇ 2,300ಕ್ಕೂ ಹೆಚ್ಚು. ಈ ಪಟ್ಟಿಗೆ ಬುನಾದಿ ಹಾಕಿದವರು ಲಖನೌ ವಿಶ್ವವಿದ್ಯಾಲಯದ ಧರಣಿಧರ ಅವಸ್ಥಿ. ಅವರನ್ನು ಭಾರತದ ಲೈಕೆನ್ ಅಧ್ಯಯನದ ಪಿತಾಮಹ ಎನ್ನುತ್ತಾರೆ.

ಬಯಲುಸೀಮೆಯ ಬಂಡೆ ಏಪ್ರಿಲ್ ಮಧ್ಯಾಹ್ನದಲ್ಲಿ ಬರಿಗಾಲಿಡಲಾಗದಷ್ಟು ಕಾಯುತ್ತದೆ. ಆ ಹೊತ್ತಿನಲ್ಲಿ ಅದರ ಮೇಲಿನ ಲೈಕೆನ್ ಹಪ್ಪಳದಂತೆ ಒಣಗಿರುತ್ತದೆ, ಮುಟ್ಟಿದರೆ ಪುಡಿ. ಸತ್ತಿದೆ ಎಂದೇ ಯಾರಿಗೂ ಅನಿಸಬೇಕು. ಸಂಜೆ ಒಂದು ಮಳೆ ಬಿದ್ದರೆ ನಿಮಿಷಗಳಲ್ಲಿ ಬೂದು ಹೋಗಿ ಹಸಿರು ಬರುತ್ತದೆ. ಹೊರಪದರ ನೀರು ಕುಡಿದು ಗಾಜಿನಂತೆ ತಿಳಿಯಾಗುವುದರಿಂದ ಒಳಗಿನ ಪಾಚಿಯ ಬಣ್ಣ ಹೊರಗೆ ಕಾಣುತ್ತದೆ. ಜೊತೆಗೇ ದ್ಯುತಿಸಂಶ್ಲೇಷಣೆಯೂ ಶುರುವಾಗುತ್ತದೆ. ಬಿಸಿಲೇರಿದಂತೆ ಮತ್ತೆ ಒಣಗಿ, ಜೀವವ್ಯಾಪಾರವನ್ನೆಲ್ಲ ನಿಲ್ಲಿಸಿ, ಮುಂದಿನ ಇಬ್ಬನಿಗೋ ಮಳೆಗೋ ಕಾಯುತ್ತದೆ. ಇದನ್ನು ಪರೀಕ್ಷಿಸಲು ಬೆಟ್ಟ ಹತ್ತಲೇಬೇಕೆಂದಿಲ್ಲ. ಮನೆ ಮುಂದಿನ ಮಾವಿನ ಮರದ ಬಿಳಿ ಮಚ್ಚೆಯ ಮೇಲೆ ಒಂದು ಚೊಂಬು ನೀರು ಚಿಮುಕಿಸಿ ಕಾದರೂ ಸಾಕು.

ಈ ಒಣಗುವ ವಿದ್ಯೆ ಎಷ್ಟು ಗಟ್ಟಿಯಾದದ್ದು ಎಂಬುದಕ್ಕೆ 2005ರ ಒಂದು ಪ್ರಯೋಗವೇ ಸಾಕ್ಷಿ. ಸ್ಪೇನಿನ ಲಿಯೊಪೋಲ್ಡೊ ಸ್ಯಾಂಚೊ ಮತ್ತು ಸಂಗಡಿಗರು ಬಂಡೆಯ ಮೇಲೆ ಬೆಳೆಯುವ ಎರಡು ಲೈಕೆನ್‌ಗಳನ್ನು ಫೋಟಾನ್ ಎಂ-2 ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದರು. ಸುಮಾರು ಎರಡು ವಾರ ಅವು ಗಾಳಿಯಿಲ್ಲದ ಶೂನ್ಯಕ್ಕೆ, ತಡೆಯಿಲ್ಲದ ಅತಿನೇರಳೆ ಕಿರಣಕ್ಕೆ ತೆರೆದುಕೊಂಡಿದ್ದವು. ಭೂಮಿಗೆ ಮರಳಿ ನೀರು ಸೋಕಿದಾಗ ಎಂದಿನಂತೆ ಬದುಕಿನ ಕೆಲಸಕ್ಕೆ ಇಳಿದವು.

ಇಷ್ಟು ಗಟ್ಟಿಜೀವ ತೆರುವ ಬೆಲೆ ಒಂದೇ: ನಿಧಾನ. ಮೈ ಒದ್ದೆಯಾಗಿರುವ ಹೊತ್ತಿನಲ್ಲಷ್ಟೇ ದುಡಿದು, ಅದರಲ್ಲಿ ಮಿಕ್ಕಿದ್ದರಿಂದ ಬೆಳೆಯಬೇಕು. ಬಂಡೆಯ ಮೇಲಿನ ಹೊಪ್ಪಳೆ ಬಗೆಯವು ವರ್ಷಕ್ಕೆ ಅರ್ಧ ಮಿಲಿಮೀಟರಿನಷ್ಟು, ಕೆಲವು ಅದಕ್ಕಿಂತಲೂ ಕಡಿಮೆ ಹರಡುತ್ತವೆ. ಎಲೆ ಬಗೆಯವು ವರ್ಷಕ್ಕೆ ಕೆಲವು ಮಿಲಿಮೀಟರ್. 1950ರ ದಶಕದಲ್ಲಿ ಆಸ್ಟ್ರಿಯಾದ ರೋಲಂಡ್ ಬೆಷೆಲ್ ಇದೇ ನಿಧಾನವನ್ನು ಗಡಿಯಾರ ಮಾಡಿಕೊಂಡು, ಆಲ್ಪ್ಸ್ ಪರ್ವತದಲ್ಲಿ ಹಿಮನದಿಗಳು ಹಿಂದೆ ಸರಿದದ್ದು ಯಾವಾಗ ಎಂದು ಲೈಕೆನ್ ಮಚ್ಚೆಗಳ ಅಗಲ ಅಳೆದು ಲೆಕ್ಕ ಹಾಕಿದರು. ಅಂಗೈಯಗಲದ ಮಚ್ಚೆಯೊಂದಕ್ಕೆ ಮುತ್ತಜ್ಜನ ವಯಸ್ಸು ಇರಬಹುದು.

ಗುಬ್ಬಿಯ ತೋಟದಲ್ಲಿ

ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ತುಂಬಿ, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸೇರಿ, ಕೊನೆಗೆ ಕಾವೇರಿಯಲ್ಲಿ ಒಂದಾಗುತ್ತದೆ. ಈ ನೀರಿನ ದಾರಿಯಲ್ಲಿ ಬಂಡೆ ಕಡಿಮೆಯಾಗಿ ತೋಟ ಹೆಚ್ಚುತ್ತದೆ. ಗುಬ್ಬಿಯ ಅಡಿಕೆ, ತೆಂಗಿನ ಸಾಲುಗಳೊಳಗೆ ನಡೆದರೆ ಲೈಕೆನ್ ಕಾಣದ ಮರ ಸಿಗುವುದೇ ಕಷ್ಟ. ಚಿಬ್ಬು ಹಿಡಿದ ಮೈಯಂತೆ ಕಾಂಡದ ತುಂಬ ಬಿಳಿ, ಬೂದು ಮಚ್ಚೆಗಳು.

ಬಯಲುನಾಡಿನ ತೆಂಗು, ಮಾವಿನ ಮರಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಲೈಕೆನ್‌ನ ಹೆಸರೇ ಪೈಕ್ಸಿನ್ ಕೊಕೋಸ್. ತೆಂಗಿನಿಂದಲೇ ಬಂದ ಹೆಸರು. ನುಣುಪು ತೊಗಟೆಯ ಮರಗಳ ಮೇಲೆ ಮಸೂರ ಹಿಡಿದರೆ ಗ್ರಾಫಿಸ್ ಎಂಬ ಇನ್ನೊಂದು ಬಗೆ ಕಾಣಸಿಗುತ್ತದೆ. ಬಿಳಿ ಹಿನ್ನೆಲೆಯಲ್ಲಿ ಸೂಜಿಯಿಂದ ಗೀಚಿದಂಥ ಕಪ್ಪು ಗೆರೆಗಳು, ಯಾರೋ ಓದಲಾಗದ ಲಿಪಿಯಲ್ಲಿ ಕಾಗದ ಬರೆದಂತೆ. ಆ ಗೆರೆಗಳು ಶಿಲೀಂಧ್ರದ ಫಲಕಾಯಗಳು. ಅದರ ಬೀಜಕಣಗಳು ಗಾಳಿಗೆ ಹಾರುವುದು ಅಲ್ಲಿಂದಲೇ. ಹಾರಿದ ಕಣ ಬಿದ್ದಲ್ಲಿ ತಕ್ಕ ಪಾಚಿ ಸಿಕ್ಕರೆ ಮಾತ್ರ ಹೊಸ ಸಂಸಾರ ಹೂಡಲು ಸಾಧ್ಯ. ಈ ಅನಿಶ್ಚಯ ಬೇಡವೆಂದು ಅನೇಕ ಜಾತಿಗಳು ಇನ್ನೊಂದು ದಾರಿ ಹಿಡಿದಿವೆ. ಪಾಚಿಯ ನಾಲ್ಕಾರು ಕೋಶಗಳನ್ನು ಶಿಲೀಂಧ್ರದ ಎಳೆಯಲ್ಲೇ ಸುತ್ತಿ, ಬುತ್ತಿ ಕಟ್ಟಿದಂತೆ ಪುಡಿಪುಡಿಯಾಗಿ ಉದುರಿಸುತ್ತವೆ. ಗಾಳಿಗೋ ಇರುವೆಯ ಕಾಲಿಗೋ ಅಂಟಿ ಹೋದ ಆ ಬುತ್ತಿ ಹೋದಲ್ಲೇ ಬೆಳೆಯುತ್ತದೆ.

ಈ ಮಚ್ಚೆಗಳನ್ನು ಕಂಡ ಬೆಳೆಗಾರರಿಗೆ ಮರಕ್ಕೆ ರೋಗ ಬಂತೇ ಎಂಬ ಅಳುಕು ಸಹಜ. ಈ ಭಾಗದ ತೋಟಗಳಿಗೆ ನಿಜವಾದ ರೋಗಗಳ ಕಾಟ ಕಡಿಮೆಯೇನಿಲ್ಲ. ಅಣಬೆ ರೋಗ ತಗುಲಿದ ಮರದ ಬುಡದಲ್ಲಿ ಕಂದು ಅಂಟು ಸೋರುತ್ತದೆ, ಮುಂದೆ ಅಲ್ಲೇ ಅಣಬೆ ಏಳುತ್ತದೆ. ತೆಂಗಿನ ಕಾಂಡ ಸೋರುವ ರೋಗದಲ್ಲಿ ತೊಗಟೆಯ ಬಿರುಕಿನಿಂದ ಕೆಂಗಂದು ದ್ರವ ಇಳಿಯುತ್ತದೆ. ಅವು ಮರದ ಒಳಗನ್ನು ಕೊಳೆಸುವ ಶಿಲೀಂಧ್ರಗಳ ಕೆಲಸ. ಲೈಕೆನ್ ಹಾಗಲ್ಲ. ಅದಕ್ಕೆ ಬೇರಿಲ್ಲ, ಮರದ ರಸ ಹೀರುವುದಿಲ್ಲ. ಸತ್ತ ಹೊರತೊಗಟೆ ಅದಕ್ಕೆ ಕೂರುವ ಜಗಲಿ ಅಷ್ಟೆ. ಅದರ ಊಟ ಬಿಸಿಲು, ಗಾಳಿ, ಮಳೆನೀರು, ಧೂಳಿನಲ್ಲಿ ಬಂದ ಲವಣ. ಸೊರಗಿದ ಮರದ ಮೇಲೆ ಲೈಕೆನ್ ಹೆಚ್ಚಿದ್ದರೆ, ಎಲೆ ಉದುರಿ ಬಿಸಿಲು ಹೆಚ್ಚು ಬಿತ್ತೆಂದು ಅದು ಬೆಳೆದಿರುತ್ತದೆ. ಮರ ಸೊರಗಿದ್ದಕ್ಕೆ ಕಾರಣವನ್ನು ಬುಡದಲ್ಲೋ ಬೇರಿನಲ್ಲೋ ಹುಡುಕಬೇಕು.

ಲೈಕೆನ್ ತೋಟಕ್ಕೆ ಕೊಡುವುದೂ ಇದೆ. ಸೂರಕ್ಕಿ ತನ್ನ ತೂಗುಗೂಡಿನ ಹೊರಮೈಗೆ ಜೇಡರಬಲೆಯಿಂದ ತೊಗಟೆ, ಲೈಕೆನ್ ಚೂರುಗಳನ್ನು ಅಂಟಿಸಿ ಗೂಡನ್ನು ಕಸದ ಗಂಟಿನಂತೆ ಮರೆಮಾಚುತ್ತದೆ. ಪಾಚಿಯ ಬದಲು ನಾಸ್ಟಾಕ್‌ನಂಥ ಸಯನೊಬ್ಯಾಕ್ಟೀರಿಯಾವನ್ನು ಒಕ್ಕಲಾಗಿ ಇರಿಸಿಕೊಂಡ ಲೈಕೆನ್‌ಗಳು ಗಾಳಿಯ ಸಾರಜನಕವನ್ನೇ ಹಿಡಿದು ಗೊಬ್ಬರವಾಗಿಸಬಲ್ಲವು. ಬೋಳು ಬಂಡೆಯ ಮೇಲಾದರೆ ಲೈಕೆನ್ ಒಸರುವ ಆಕ್ಸಾಲಿಕ್ ಆಮ್ಲ ಕಲ್ಲನ್ನು ಹರಳು ಹರಳಾಗಿ ಸಡಿಲಿಸುತ್ತದೆ. ಆ ಪುಡಿಯಲ್ಲಿ ಪಾಚಿಗಿಡ, ಅದರ ಮೇಲೆ ಹುಲ್ಲು, ಹುಲ್ಲಿನ ನಂತರ ಕುರುಚಲು. ಮಣ್ಣು ಹುಟ್ಟುವ ದಾರಿಗಳಲ್ಲಿ ಇದೂ ಒಂದು.

ಔಷಧವೋ, ವಿಷವೋ

ಓಡಲಾರದ, ಬೇಗ ಬೆಳೆದು ನಷ್ಟ ತುಂಬಿಕೊಳ್ಳಲಾರದ ಜೀವಿ ತನ್ನನ್ನು ಕಾಪಾಡಿಕೊಳ್ಳುವುದು ಹೇಗೆ? ವರ್ಷಕ್ಕೆ ಎರಡು ಮಿಲಿಮೀಟರ್ ಬೆಳೆಯುವ ಮೈಯನ್ನು ಬಸವನಹುಳು ಒಂದು ರಾತ್ರಿಯಲ್ಲಿ ತಿಂದುಬಿಟ್ಟರೆ, ಬ್ಯಾಕ್ಟೀರಿಯಾ ಕೊಳೆಸಿಬಿಟ್ಟರೆ, ಬಿಸಿಲು ಸುಟ್ಟುಬಿಟ್ಟರೆ ಆ ನಷ್ಟ ತುಂಬುವುದು ಹೇಗೆ? ಇದಕ್ಕೆ ಲೈಕೆನ್ ಕಂಡುಕೊಂಡ ಉತ್ತರ ರಸಾಯನ. ಅದರೊಳಗಿನ ಶಿಲೀಂಧ್ರ ಕಹಿ, ಬಣ್ಣ, ವಿಷಗಳನ್ನು ತಯಾರಿಸಿ ತನ್ನ ಎಳೆಗಳ ಮೇಲೆ ಹರಳಾಗಿ ಲೇಪಿಸಿಕೊಳ್ಳುತ್ತದೆ. ಇಂಥ ಸಾವಿರಕ್ಕೂ ಹೆಚ್ಚು ಸಂಯುಕ್ತಗಳು ಈವರೆಗೆ ಗೊತ್ತಾಗಿವೆ. ಬಹುಪಾಲು ಲೈಕೆನ್ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. ಮನುಷ್ಯ ಲೈಕೆನ್‌ನಲ್ಲಿ ಔಷಧ ಹುಡುಕುತ್ತಿರುವುದೆಂದರೆ, ಆ ರಕ್ಷಾಕವಚವನ್ನು ತನಗಾಗಿ ಎರವಲು ಕೇಳುವುದೇ.

ಕೇಳಿದ್ದು ಇಂದು ನಿನ್ನೆಯಲ್ಲ. ಆಯುರ್ವೇದದಲ್ಲಿ ಕಲ್ಲುಹೂವಿಗೆ ಶೈಲೇಯ, ಶಿಲಾಪುಷ್ಪ ಎಂಬ ಹೆಸರುಗಳಿವೆ. ಶೈಲೇಯ ತಂಪು, ಹಗುರ, ಕಫಪಿತ್ತಹರ. ತುರಿ, ಚರ್ಮವ್ಯಾಧಿ, ಉರಿ, ಮೂತ್ರಾಶ್ಮರಿಗಳಿಗೆ ಉಪಯುಕ್ತ ಎನ್ನುತ್ತದೆ ಭಾವಮಿಶ್ರನ ಭಾವಪ್ರಕಾಶ. ಭಾರತ ಸರ್ಕಾರದ ಆಯುರ್ವೇದ ಔಷಧಕೋಶದಲ್ಲೂ ಅದಕ್ಕೆ ಸ್ಥಾನವಿದೆ. ಹಾಗಾಗಿಯೇ ಊರ ಪೇಟೆಗಳಲ್ಲಿ ಅದು ದಿನಸಿ ಅಂಗಡಿಯಲ್ಲಿ ಸಿಗುವಂತೆಯೇ ಗ್ರಂಥಿಗೆ ಅಂಗಡಿಯಲ್ಲೂ ಸಿಗುತ್ತದೆ. ಉತ್ತರ ಭಾರತದಲ್ಲಿ ಛರೀಲಾ ಎಂದು ಕರೆಯುವ ಇದೇ ವಸ್ತು ಕನ್ನೌಜಿನ ಹಿನಾ ಅತ್ತರಿಗೂ ಬೀಳುತ್ತದೆ.

ಯುರೋಪಿನಲ್ಲಿ ಶ್ವಾಸಕೋಶದ ಆಕಾರದ ಲೊಬೇರಿಯಾ ಲೈಕೆನ್ನನ್ನು ಶ್ವಾಸಕೋಶದ ಕಾಯಿಲೆಗೆ ಕೊಡುತ್ತಿದ್ದರು. ಆಕಾರ ಹೋಲಿದರೆ ಗುಣವೂ ಹೋಲುತ್ತದೆಂಬ ನಂಬಿಕೆ ಅದು. ಅದಕ್ಕಿಂತ ಗಟ್ಟಿ ಆಧಾರವಿರುವುದು ‘ಐಸ್‌ಲ್ಯಾಂಡ್ ಮಾಸ್’ ಎಂಬ ಲೈಕೆನ್‌ಗೆ. ಬೇಯಿಸಿದರೆ ಲೋಳೆ ಬಿಡುವ ಅದರ ಪಿಷ್ಟದಂಥ ಪದಾರ್ಥ ಗಂಟಲಿನ ಕೆರೆತಕ್ಕೂ ಒಣಕೆಮ್ಮಿಗೂ ಹಿತವೆಂದು ಯುರೋಪಿನ ಔಷಧದಂಗಡಿಗಳಲ್ಲಿ ಇಂದಿಗೂ ಚೀಪುವ ಮಾತ್ರೆಯಾಗಿ ಮಾರುತ್ತಾರೆ. ಇನ್ನೊಂದು ತುದಿಯಲ್ಲಿ, ಸ್ಕ್ಯಾಂಡಿನೇವಿಯಾದ ಜನ ಕಡು ಹಳದಿಯ ಒಂದು ಲೈಕೆನ್ನನ್ನು ಮಾಂಸದಲ್ಲಿ ಬೆರೆಸಿಟ್ಟು ತೋಳಗಳನ್ನು ಕೊಲ್ಲುತ್ತಿದ್ದರು. ಅದರೊಳಗಿನ ವಲ್ಪಿನಿಕ್ ಆಮ್ಲ ನೇರ ವಿಷ.

ಔಷಧಕ್ಕೂ ವಿಷಕ್ಕೂ ನಡುವಿನ ಗೆರೆ ಎಷ್ಟು ತೆಳು ಎಂಬುದನ್ನು ಅಸ್ನಿಕ್ ಆಮ್ಲದ ಕಥೆಯಷ್ಟು ಚೆನ್ನಾಗಿ ಇನ್ನಾವುದೂ ಹೇಳದು. ಮರಗಳಿಂದ ಗಡ್ಡದಂತೆ ತೂಗುವ ಅಸ್ನಿಯಾ ಲೈಕೆನ್‌ಗಳಿಗೆ ಹಳದಿ ಛಾಯೆ ಕೊಡುವ ಈ ವಸ್ತುವನ್ನು 1844ರಲ್ಲೇ ಬೇರ್ಪಡಿಸಿದ್ದರು. ಕೀವು ಮಾಡುವ ಸ್ಟೆಫೈಲೊಕಾಕಸ್, ಸ್ಟ್ರೆಪ್ಟೊಕಾಕಸ್‌ನಂಥ ಬ್ಯಾಕ್ಟೀರಿಯಾಗಳನ್ನು ಅದು ತಡೆಯುತ್ತದೆಂದು ಗೊತ್ತಾದ ಮೇಲೆ ಜರ್ಮನಿ, ರಷ್ಯಾಗಳಲ್ಲಿ ಗಾಯಕ್ಕೆ ಹಚ್ಚುವ ಮದ್ದಾಗಿ ಬಳಕೆಗೆ ಬಂತು. ಚರ್ಮದ ಮೇಲೆ ಅದು ಒಳ್ಳೆಯದನ್ನೇ ಮಾಡಿತು. ಆದರೆ ಅಮೆರಿಕದಲ್ಲಿ ಅದೇ ವಸ್ತುವಿನ ಲವಣವನ್ನು ತೂಕ ಇಳಿಸುವ ಗುಳಿಗೆಗೆ ಸೇರಿಸಿ ಮಾರಿದರು. ನುಂಗಿದ ಹಲವರ ಯಕೃತ್ತು ಕೆಟ್ಟಿತು. 2001ರ ನವೆಂಬರಿನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯೇ ಆ ಗುಳಿಗೆ ಬಳಸಬೇಡಿ ಎಂದು ಜನರನ್ನು ಎಚ್ಚರಿಸಬೇಕಾಯಿತು. ಬ್ಯಾಕ್ಟೀರಿಯಾವನ್ನು ತಡೆಯುವ ವಸ್ತು ಮನುಷ್ಯನ ಜೀವಕೋಶದ ಶಕ್ತಿಕೇಂದ್ರವನ್ನೂ ಕೆಡಿಸಬಲ್ಲದು.

ಕರ್ನಾಟಕದಲ್ಲಿ ಈ ಹುಡುಕಾಟ ಹೆಚ್ಚಾಗಿ ನಡೆದಿರುವುದು ಶಿವಮೊಗ್ಗದ ಸುತ್ತ. ಕುವೆಂಪು ವಿಶ್ವವಿದ್ಯಾಲಯದ ವೈ.ಎಲ್. ಕೃಷ್ಣಮೂರ್ತಿ, ಕೆ.ಎಸ್. ವಿನಾಯಕ, ಶಿವಮೊಗ್ಗದ ಪ್ರಶಿತ್ ಕೆಕುಡ ಮುಂತಾದವರು ಪಶ್ಚಿಮಘಟ್ಟದ ಪಾರ್ಮೊಟ್ರೀಮಾ, ರಾಮಲಿನಾ, ಅಸ್ನಿಯಾ ಕುಲಗಳ ಲೈಕೆನ್‌ಗಳ ಸಾರ ತೆಗೆದು ಪರೀಕ್ಷಿಸಿದ್ದಾರೆ. ಕೆಲವು ಸಾರಗಳು ರೋಗಕಾರಕ ಬ್ಯಾಕ್ಟೀರಿಯಾಗಳನ್ನು ತಡೆದವು, ಕೆಲವು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿಗಳನ್ನು ಕೊಂದವು. ಇವು ಪ್ರಯೋಗಾಲಯದ ಫಲಿತಾಂಶಗಳು ಎಂಬುದನ್ನು ಮರೆಯಬಾರದು. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತರೆ ಔಷಧ ಸಿಕ್ಕಿದಂತಲ್ಲ. ಎಷ್ಟು ಪ್ರಮಾಣ, ರಕ್ತಕ್ಕೆ ಎಷ್ಟು ಸೇರುತ್ತದೆ, ಯಕೃತ್ತು ತಾಳುತ್ತದೆಯೇ ಎಂಬ ಪ್ರಶ್ನೆಗಳನ್ನು ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಪರೀಕ್ಷಿಸಿ ಉತ್ತರ ಪಡೆದ ಮೇಲಷ್ಟೇ ವೈದ್ಯರ ಚೀಟಿಗೆ ಬರುವ ಮಾತು.

ಅಡುಗೆಮನೆಯ ಕಲ್ಲುಹೂವಿನಲ್ಲೂ ಈ ರಸಾಯನವಿದೆ. ಅಂಗಡಿಯ ಕಲ್ಲುಹೂ ಒಂದೇ ಜಾತಿಯದಲ್ಲ, ಹಲವು ಜಾತಿಗಳ ಬೆರಕೆ. ಅದರಲ್ಲಿ ಪಾರ್ಮೊಟ್ರೀಮಾ ಟಿಂಕ್ಟೋರಂ ಎಂಬ ಜಾತಿಯ ಚೂರು ಸಿಕ್ಕರೆ, ಸೀಳಿದ ಬಿಳಿ ಪದರದ ಮೇಲೆ ಬಟ್ಟೆಯ ಕಲೆ ತೆಗೆಯುವ ಬ್ಲೀಚ್ ದ್ರಾವಣದ ಒಂದು ಹನಿ ಇಟ್ಟೊಡನೆ ಅದು ರಕ್ತಗೆಂಪಾಗುತ್ತದೆ. ಒಳಗೆ ಲೆಕನೊರಿಕ್ ಆಮ್ಲವಿದೆ ಎಂಬುದಕ್ಕೆ ಅದು ಗುರುತು. ಲೈಕೆನ್ ಜಾತಿಗಳನ್ನು ಗುರುತಿಸಲು ಇಂಥ ಬಣ್ಣದ ಪರೀಕ್ಷೆಗಳನ್ನು 1866ರಲ್ಲೇ ರೂಢಿಗೆ ತಂದವರು ಶ್ವೆಂಡನರ್ ಅವರನ್ನು ವಿರೋಧಿಸಿದ ಅದೇ ನೈಲಾಂಡರ್. ಶಾಲೆಯ ಪ್ರಯೋಗಾಲಯದಲ್ಲಿ ಆಮ್ಲಕ್ಕೆ ಕೆಂಪಾಗುವ, ಕ್ಷಾರಕ್ಕೆ ನೀಲಿಯಾಗುವ ಲಿಟ್ಮಸ್ ಕಾಗದದ ಬಣ್ಣವೂ ಮೂಲದಲ್ಲಿ ರೊಸೆಲ್ಲಾ ಎಂಬ ಲೈಕೆನ್‌ನಿಂದ ಬಂದದ್ದು.

ಕುಣಿಗಲ್ಲಿನ ಕಲ್ಲು, ಕಾಡಿನ ಕೊಯ್ಲು

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಬೆಂಗಳೂರಿನ ಸುತ್ತಲ ನವದುರ್ಗಗಳಲ್ಲಿ ಒಂದು; ಕೆಂಪೇಗೌಡರ ಹೆಸರಿನೊಡನೆ ಬೆಸೆದ ಕೋಟೆ. ಅದರ ಗೋಡೆಗಳೂ ಬುರುಜುಗಳೂ ಸುತ್ತಲಿನ ಬಂಡೆಯಿಂದಲೇ ಎದ್ದವು. ಹೊಸದಾಗಿ ಸೀಳಿದ ಕಲ್ಲು ಗೋಡೆಗೆ ಏರಿದಾಗ ಬೋಳಾಗಿರುತ್ತದೆ. ಅದರ ಮುಖದ ಮೇಲೆ ಕುಳಿತ ಲೈಕೆನ್ ಗೋಡೆ ಎದ್ದ ಮೇಲೆ ಬಂದದ್ದು. ಇಂಥ ಕೋಟೆಗಳಿಗೆ ಬರುವವರಲ್ಲಿ ಕೆಲವರು ಮೊಳೆಯಿಂದ ಹೆಸರು ಕೆತ್ತುತ್ತಾರೆ, ಕೆಲವರು ಬಣ್ಣ ಬಳಿಯುತ್ತಾರೆ. ಒಂದು ಹೆಸರು ಕೆತ್ತಲು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಹೋದ ಹೊಪ್ಪಳೆ ಮತ್ತೆ ಅಷ್ಟು ಅಗಲ ಹರಡಲು ಒಂದು ಮನುಷ್ಯಾಯುಷ್ಯ ಬೇಕು.

ಹಾಗಾದರೆ ಅಂಗಡಿಗೆ ಮೂಟೆಗಟ್ಟಲೆ ಕಲ್ಲುಹೂ ಬರುವುದೆಲ್ಲಿಂದ? ಅದನ್ನು ಯಾರೂ ಬಿತ್ತಿ ಬೆಳೆಯುವುದಿಲ್ಲ. ಹಿಮಾಲಯದ ಮತ್ತು ದಕ್ಷಿಣದ ಬೆಟ್ಟಗಳ ಕಾಡುಗಳಲ್ಲಿ ಮರದ ಕೊಂಬೆಗಳಿಂದಲೂ ಬಂಡೆಗಳಿಂದಲೂ ಕೈಯಲ್ಲಿ ಹೆರೆದು ತರುತ್ತಾರೆ. ಕರ್ನಾಟಕದ ಮಟ್ಟಿಗೆ ಇದನ್ನು ಚೆನ್ನಾಗಿ ಬಲ್ಲವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಜೇನು, ನೆಲ್ಲಿಕಾಯಿ, ಸೀಗೆಯೊಡನೆ ಲೈಕೆನ್ ಕೂಡ ಅವರ ಪಾಲಿಗೆ ಕಾಡಿನ ಉತ್ಪನ್ನ. ವನ್ಯಜೀವಿ ಕಾನೂನಿನ ಕಾರಣ ಈ ಸಂಗ್ರಹಕ್ಕೆ ಕೆಲವು ವರ್ಷ ತಡೆ ಬಿದ್ದಿತ್ತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅವರಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ಹೆರೆಯುವವರಿಗೆ ಕಾಡಿನ ಮೇಲೆ ಹಕ್ಕೂ ಹೊಣೆಯೂ ಇದ್ದಾಗ ಮುಂದಿನ ವರ್ಷಕ್ಕೆಂದು ಒಂದಿಷ್ಟು ಉಳಿಸಿ ಬರುತ್ತಾರೆ. ಬೇರೆ ಕಡೆಯಿಂದ ಬಂದು ತೂಕಕ್ಕೆ ಕೊಂಬೆ ಬೋಳಿಸುವವರಿಗೆ ಆ ಯೋಚನೆ ಇರುವುದಿಲ್ಲ.

ಈ ನಿಧಾನದ ಸಮಸ್ಯೆಗೆ ವಿಜ್ಞಾನವೂ ಒಂದು ದಾರಿ ಹುಡುಕುತ್ತಿದೆ. 2021ರಲ್ಲಿ ಸಂಶೋಧಕರು ಲೈಕೆನ್ ಶಿಲೀಂಧ್ರವೊಂದರ ಜೀನನ್ನು ಯೀಸ್ಟ್‌ಗೆ ಕಸಿ ಮಾಡಿ, ಬ್ಲೀಚ್ ಹನಿಗೆ ಕೆಂಪಾಗುವ ಅದೇ ಲೆಕನೊರಿಕ್ ಆಮ್ಲವನ್ನು ಯೀಸ್ಟ್‌ನಿಂದ ತಯಾರಿಸಿ ತೋರಿಸಿದರು. ಕಾಡು ಬೋಳಿಸದೆ, ದಿನಗಳ ಲೆಕ್ಕದಲ್ಲಿ ಈ ರಸಾಯನಗಳನ್ನು ಪಡೆಯುವ ದಾರಿಗೆ ಇದು ಮೊದಲ ಹೆಜ್ಜೆ.

ನಗರದ ಉಸಿರು

ಬೇರಿಲ್ಲದ, ಗಾಳಿಯಿಂದಲೇ ಉಣ್ಣುವ ಜೀವಿ ಗಾಳಿ ಕೆಟ್ಟರೆ ಮೊದಲು ನರಳುತ್ತದೆ. 1866ರಲ್ಲೇ ನೈಲಾಂಡರ್, ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಲೈಕೆನ್‌ಗಳನ್ನು ನೋಡಿ ಅವು ಗಾಳಿಯ ಶುದ್ಧತೆಗೆ ಅಳತೆಗೋಲು ಎಂದಿದ್ದರು. ಕಲ್ಲಿದ್ದಲಿನ ಹೊಗೆಯ ಗಂಧಕದ ಡೈ ಆಕ್ಸೈಡಿಗೆ ಯುರೋಪಿನ ಕೈಗಾರಿಕಾ ನಗರಗಳಲ್ಲಿ ಲೈಕೆನ್‌ಗಳು ಒಂದೊಂದಾಗಿ ಮರೆಯಾದವು. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ಗಾಳಿಯಲ್ಲಿ ಬಂದ ಸೀಸಿಯಂ ಸ್ಕ್ಯಾಂಡಿನೇವಿಯಾದ ಲೈಕೆನ್‌ಗಳಲ್ಲಿ ಸೇರಿ, ಅವನ್ನು ಮೇಯ್ದ ಹಿಮಸಾರಂಗಗಳ ಮಾಂಸಕ್ಕೂ ಹೋಯಿತು.

ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲೂ ಈ ಪರೀಕ್ಷೆ ನಡೆದಿದೆ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯ ಸಂಜೀವ ನಾಯಕ, ದಲೀಪ್ ಕುಮಾರ್ ಉಪ್ರೇತಿ ಅವರೊಂದಿಗೆ ಮಾಧವ ಗಾಡ್ಗೀಳರೂ ಸೇರಿ ಬರೆದ ಲೇಖನ 2003ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು. ನಗರದಲ್ಲಿ ಯಾವ ಲೈಕೆನ್ ಎಲ್ಲಿದೆ, ಅದರೊಳಗೆ ಭಾರಲೋಹಗಳು ಎಷ್ಟು ಸೇರಿವೆ, ಲಾಲ್‌ಬಾಗಿನ ಲೈಕೆನ್‌ಗಳು ಹಿಂದಿಗಿಂತ ಹೇಗೆ ಬದಲಾಗಿವೆ ಎಂಬುದು ಅದರ ವಿಷಯ.

ತುಮಕೂರು ಈಗ ಬೆಂಗಳೂರಿನ ದಾರಿಯಲ್ಲೇ ಇದೆ. ಹೆದ್ದಾರಿಯ ಲಾರಿಗಳ ಹೊಗೆ, ವಸಂತನರಸಾಪುರದ ಕೈಗಾರಿಕೆಗಳು, ಕಲ್ಲುಕ್ವಾರಿಗಳ ಧೂಳು ಎಲ್ಲವೂ ಒಟ್ಟಿಗೆ ಬಂದಿವೆ. ಇಲ್ಲಿನ ಗಾಳಿಯ ಲೆಕ್ಕ ಇಡಲು ದುಬಾರಿ ಯಂತ್ರಗಳ ಜೊತೆಗೆ ಪುಕ್ಕಟೆಯಾಗಿ ಸಿಗುವ ಸಾಧನ ಪ್ರತಿ ಮರದ ಮೇಲೂ ಇದೆ. ಶಾಲೆ, ಕಾಲೇಜಿನ ಮಕ್ಕಳು ಒಂದು ಮಸೂರ, ಒಂದು ಅಳತೆಪಟ್ಟಿ ಹಿಡಿದು ಇದನ್ನು ಮಾಡಬಹುದು. ಬಿ.ಎಚ್. ರಸ್ತೆಯ ಹತ್ತು ಮರ, ಅಮಾನಿಕೆರೆ ಬದಿಯ ಹತ್ತು ಮರ, ಗುಬ್ಬಿಯ ತೋಟದ ಹತ್ತು ಮರ, ನಾಮದ ಚಿಲುಮೆಯ ಕಾಡಿನ ಹತ್ತು ಮರ. ಎದೆಮಟ್ಟದಲ್ಲಿ ಒಂದು ಅಡಿ ಚೌಕದೊಳಗೆ ಎಷ್ಟು ಬಗೆಯ ಲೈಕೆನ್ ಇದೆ, ಎಲೆ ಬಗೆಯದು ಇದೆಯೇ, ಮಚ್ಚೆ ಎಷ್ಟು ಅಗಲ ಎಂದು ಬರೆದಿಟ್ಟು, ಫೋಟೋ ತೆಗೆದು, ಪ್ರತಿ ವರ್ಷ ಅದೇ ಮರಗಳಿಗೆ ಮರಳಬೇಕು. ಐದು ವರ್ಷಕ್ಕೆ ಅದು ಜಿಲ್ಲೆಯ ಗಾಳಿಯ ದಾಖಲೆಯಾಗುತ್ತದೆ.

ಮಿಕ್ಕವರು ಪಾಲಿಸಬೇಕಾದದ್ದು ಮೂರೇ. ಪಲಾವಿಗೆ, ಸಾರಿನ ಪುಡಿಗೆ ಒಂದೆರಡು ಚೂರು ಕಲ್ಲುಹೂ ಹಾಕಿ, ತೊಳೆದು ಹಾಕಿ. ರಸ್ತೆ ಬದಿಯ ಮರದಿಂದಲೋ ಕೋಟೆಯ ಕಲ್ಲಿನಿಂದಲೋ ಹೆರೆದದ್ದನ್ನು ತಿನ್ನಬೇಡಿ, ಮದ್ದೆಂದು ಕಷಾಯ ಕಾಸಿ ಕುಡಿಯಬೇಡಿ; ಕಾಯಿಲೆಗೆ ವೈದ್ಯರಿದ್ದಾರೆ. ತೋಟದ ಅಡಿಕೆ, ತೆಂಗಿನ ಕಾಂಡದ ಬಿಳಿ ಮಚ್ಚೆಗೆ ಹೆದರಿ ಕೆರೆಯಬೇಡಿ, ಔಷಧ ಹೊಡೆಯಬೇಡಿ. ಅದು ಮರದಿಂದ ಏನನ್ನೂ ತೆಗೆದುಕೊಳ್ಳುತ್ತಿಲ್ಲ.